ಗಾಲ್ಫ್ ಕಲಿಯೋರಿಗೆ 14 ಕ್ಲಬ್ ಬೇಡ, ಕೈಗೆ ಹೊಂದೋ 7 ಸಾಕು

ಸಂಪಾದಕರಿಗೆ ನಮಸ್ಕಾರ,

ನಂದಿ ಬೆಟ್ಟದ ಸುತ್ತಮುತ್ತ ಗಾಲ್ಫ್ ಆಡೋರು ಜಾಸ್ತಿ ಆಗ್ತಿದಾರೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ, ಖುಷಿ ಆಯ್ತು. ಆದ್ರೆ ಅದರ ಪಕ್ಕದಲ್ಲಿ ಹೊಸಬರು ಏನೇನು ತಗೋಬೇಕು ಅಂತ ಒಂದು ಬಾಕ್ಸ್ ಹಾಕಿದ್ರಲ್ಲ, 14 ಕ್ಲಬ್ಬಿನ (ಬಾಲ್ ಹೊಡೆಯೋ ಕೋಲು) ಫುಲ್ ಸೆಟ್ಟು, ವೃತ್ತಿಪರ ಟೂರ್ ಆಟಗಾರರು ಆಡೋ ಬಾಲು, ದೂರ ಅಳೆಯೋ ಲೇಸರ್ ರೇಂಜ್‌ಫೈಂಡರು, ದೊಡ್ಡ ಬ್ಯಾಗು, ಅದನ್ನ ನೋಡಿ ಸುಮ್ನಿರಕ್ಕಾಗ್ಲಿಲ್ಲ. ಅದನ್ನ ನಂಬಿ ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಕೂತಿರೋ ಒಬ್ಬ ಹುಡುಗ ಈ ಆಟ ನಮ್ಮಂಥವರಿಗಲ್ಲ ಅಂತ ಪೇಪರ್ ಮಡಚಿ ಇಡ್ತಾನೆ, ಇಲ್ಲಾಂದ್ರೆ ದುಡ್ಡಿರೋನು ಹೋಗಿ ತನಗೆ ಹೊಂದದೇ ಇರೋದನ್ನ ಎಲ್ಲಾ ಒಂದೇ ಸಲ ತಗೊಂಡು ಬರ್ತಾನೆ, ಎರಡೂ ನಷ್ಟವೇ.

ಮೊದಲನೇದಾಗಿ 14 ಅನ್ನೋದು ನಿಯಮದಲ್ಲಿರೋ ಗರಿಷ್ಠ ಮಿತಿ, ಅಷ್ಟು ಇರಲೇಬೇಕು ಅಂತ ಎಲ್ಲೂ ಇಲ್ಲ. 1938, 39ರಲ್ಲಿ ಈ ಮಿತಿ ತಂದಿದ್ದೇ ಯಾಕಂದ್ರೆ ಆಟಗಾರರು ಇಪ್ಪತ್ತು ಇಪ್ಪತ್ತೈದು ಕ್ಲಬ್ ಹೊರಿಸ್ಕೊಂಡು ಓಡಾಡ್ತಿದ್ರು. ಮೂರು ಕ್ಲಬ್ ಹಿಡ್ಕೊಂಡು ಪಂದ್ಯ ಆಡಿದ್ರೂ ಯಾರೂ ಬೇಡ ಅನ್ನಂಗಿಲ್ಲ. ಕಲಿಯೋನಿಗೆ 4 ಐರನ್ನಿಗೂ 5 ಐರನ್ನಿಗೂ (ಐರನ್ ಅಂದ್ರೆ ಚಪ್ಪಟೆ ಲೋಹದ ತುದಿ ಇರೋ ಕ್ಲಬ್ಬು, ನಂಬರ್ ಏರಿದಷ್ಟೂ ಬಾಲ್ ಮೇಲೆದ್ದು ಹತ್ರ ಬೀಳತ್ತೆ) ವ್ಯತ್ಯಾಸ ಗೊತ್ತಾಗೋದೇ ಇಲ್ಲ, ಎರಡರಲ್ಲೂ ಬಾಲ್ ಅಷ್ಟೇ ದೂರ ಹೋಗತ್ತೆ ಯಾಕಂದ್ರೆ ಸರಿಯಾಗಿ ತಗುಲೋದು ಹತ್ತಕ್ಕೆ ಎರಡು ಸಲ. ಹಂಗಾಗಿ ನಾನು ಕೇಳಿದವರಿಗೆಲ್ಲ ಹೇಳೋದು ಒಂದೇ, ಒಂದು 5 ವುಡ್ (ದಪ್ಪ ತುದಿಯ, ದೂರ ಹೊಡೆಯೋ ಕ್ಲಬ್ಬು), ಒಂದು ಹೈಬ್ರಿಡ್ (ವುಡ್ಡಿಗೂ ಐರನ್ನಿಗೂ ಮಧ್ಯದ್ದು, 22 ಡಿಗ್ರಿ ಆಸುಪಾಸಿಂದು; ಡಿಗ್ರಿ ಅಂದ್ರೆ ಲಾಫ್ಟು, ಕ್ಲಬ್ಬಿನ ಮುಖದ ಇಳಿಜಾರು), 7 ಐರನ್, 9 ಐರನ್, ಪಿಚಿಂಗ್ ವೆಡ್ಜ್ (ಹತ್ತಿರದಿಂದ ಎತ್ತಿ ಹೊಡೆಯೋದು), 56 ಡಿಗ್ರಿ ಸ್ಯಾಂಡ್ ವೆಡ್ಜ್ (ಮರಳಿನ ಗುಂಡಿಯಿಂದ ಎತ್ತೋದು), ಒಂದು ಪಟರ್ (ಕೊನೇಲಿ ಬಾಲನ್ನ ಗುಳಿಗೆ ಉರುಳಿಸೋದು), ಮುಗೀತು. ಡ್ರೈವರ್ (ಮೊದಲ ಹೊಡೆತಕ್ಕೆ, ಅತಿ ದೂರ ಹೊಡೆಯೋ ಕ್ಲಬ್ಬು) ಆಮೇಲೆ, ಮಿಕ್ಕಿದ್ದು ಆಮೇಲೆ, ಕೆಲವು ಬೇಡವೇ ಬೇಡ.

ಡ್ರೈವರ್ ಇಲ್ದೆ ಗಾಲ್ಫಾ ಅಂತ ಎಲ್ರೂ ಕೇಳ್ತಾರೆ. ಡ್ರೈವರ್ ಬ್ಯಾಗಲ್ಲಿರೋ ಅತಿ ಉದ್ದದ ಕ್ಲಬ್ಬು, 45 ಇಂಚು ಮೇಲೇನೇ ಇರತ್ತೆ, ಮುಖದ ಇಳಿಜಾರು ಅತಿ ಕಮ್ಮಿ, ಅದೇ ಅತಿ ಕಷ್ಟದ್ದು. ಮುಖ ಸ್ವಲ್ಪ ತೆರ್ಕೊಂಡಿದ್ರೂ ಬಾಲ್ ಬಲಕ್ಕೆ ತಿರುಗಿ ಪಕ್ಕದ ಹುಲ್ಲಿನ ಆಟದ ಹಾದಿಗೆ, ಅಂದ್ರೆ ಫೇರ್‌ವೇಗೆ ಹೋಗತ್ತೆ. 18 ಡಿಗ್ರಿ 5 ವುಡ್ ಅಷ್ಟು ತಿರುಗಲ್ಲ, ಲಾಫ್ಟ್ ಜಾಸ್ತಿ ಇದ್ದಷ್ಟೂ ಪಕ್ಕಕ್ಕೆ ತಿರುಗೋದು ಕಮ್ಮಿ ಆಗತ್ತೆ, ಇದು ಯಾವ ಜಾಹೀರಾತಲ್ಲೂ ಬರಲ್ಲ. ತಗೊಳ್ಳೋದೇ ಆದ್ರೆ 10.5 ಅಥ್ವಾ 12 ಡಿಗ್ರಿದು ತಗೊಳ್ಳಿ, 9 ಡಿಗ್ರಿದು ಟಿವಿಯಲ್ಲಿ ಬರೋರಿಗೆ ಬಿಡಿ. 460 ಸಿಸಿ ಹೆಡ್ (ಬಾಲಿಗೆ ತಗುಲೋ ತುದಿ) ಅಂತ ದೊಡ್ಡದಾಗಿ ಬರ್ದಿರ್ತಾರೆ, ಅದು ನಿಯಮ ಒಪ್ಪೋ ಗರಿಷ್ಠ ಸೈಜು, ಹತ್ತು ವರ್ಷ ಹಳೇ ಡ್ರೈವರಲ್ಲೂ ಅಷ್ಟೇ ಇರತ್ತೆ, ಅದಕ್ಕೋಸ್ಕರ ಹೊಸದಕ್ಕೆ ದುಡ್ಡು ಸುರೀಬೇಕಾಗಿಲ್ಲ.

ಈಗ ನಮ್ಮ ಭಾಮೈದನ ಕತೆ ಹೇಳ್ತೀನಿ, ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ. ಶಿಡ್ಲಘಟ್ಟದಲ್ಲಿ ಅವನದ್ದು ರೇಷ್ಮೆ ನೂಲು ಬಿಚ್ಚೋ ಫಿಲೇಚರು, ಐದಡಿ ನಾಲ್ಕಿಂಚು ಇದಾನೆ, ಗಟ್ಟಿ ಆಳು. ಬೆಂಗಳೂರಲ್ಲಿ ಒಂದು ಅಂಗಡಿಗೆ ಹೋದ, ಅಲ್ಲಿನವರು ಸಾರ್ ನಿಮಗೆ ಸ್ಟ್ರೆಂತ್ ಚೆನ್ನಾಗಿದೆ ಸ್ಟಿಫ್ ಶಾಫ್ಟೇ (ಹೆಡ್ಡಿಗೆ ಸೇರಿರೋ, ಬಳುಕದ ಗಟ್ಟಿ ಕೋಲು) ಸರಿ ಅಂತ ಹೇಳಿ ಸ್ಟೀಲ್ ಶಾಫ್ಟಿನ ಫುಲ್ ಐರನ್ ಸೆಟ್ಟು, 9 ಡಿಗ್ರಿ ಡ್ರೈವರು, ಎಲ್ಲಾ ಕೊಟ್ಟು ಕಳಿಸಿದ್ರು, ಒಂದು ಬಾಲ್ ಹೊಡ್ಸಿ ನೋಡ್ಲಿಲ್ಲ, ಕೈಗೆ ಟೇಪ್ ಹಿಡೀಲಿಲ್ಲ. ನನ್ನ ಜತೆ ರೇಂಜಿಗೆ (ಬಾಲ್ ಹೊಡೆದು ಅಭ್ಯಾಸ ಮಾಡೋ ಜಾಗ) ಬಂದ. ಒಂದು ಬಕೆಟ್ ಬಾಲ್ ಮುಗಿಯೋ ಹೊತ್ತಿಗೆ ಬೆವರು ಸುರೀತಿದೆ, ಎಲ್ಲಾ ಬಲಕ್ಕೇ. "ಭಾವ, ನನ್ನ ಕೈಲಿ ಇದು ಆಗಲ್ಲ ಬಿಡಿ, ಗದ್ದೇಲಿ ಗುದ್ದಲಿ ಹಿಡ್ದಂಗೆ ಮೊಣಕೈ ನೋಯ್ತದೆ" ಅಂದ. ನಾನು ಅವನ ಸ್ವಿಂಗ್ ಬಗ್ಗೆ ಏನೂ ಹೇಳ್ಲಿಲ್ಲ, ನನ್ನ ಹಳೇ 7 ಐರನ್ ಕೊಟ್ಟೆ, ಗ್ರ್ಯಾಫೈಟ್ ಶಾಫ್ಟು, ರೆಗ್ಯುಲರ್ ಫ್ಲೆಕ್ಸು (ಸ್ಟಿಫ್‌ಗಿಂತ ಸ್ವಲ್ಪ ಜಾಸ್ತಿ ಬಳುಕೋದು). ನಾಲ್ಕೈದು ಬಾಲ್ ಆದ್ಮೇಲೆ ಒಂದು ಎದ್ದು ನೆಟ್ಟಗೆ ಹೋಯ್ತು ನೋಡಿ, ಅವನ ಮುಖ ನೋಡ್ಬೇಕಿತ್ತು ಸಾರ್.

ಶಾಫ್ಟಿನ ಲೆಕ್ಕ ಕೈಯ ಬಲದ ಮೇಲೆ ಅಲ್ಲ, ಕ್ಲಬ್ ಹೆಡ್ ಎಷ್ಟು ವೇಗವಾಗಿ ಬರತ್ತೆ ಅನ್ನೋದರ ಮೇಲೆ. ಡ್ರೈವರ್ ಸ್ವಿಂಗ್ ಗಂಟೆಗೆ 85ರಿಂದ 95 ಮೈಲಿ ಇದ್ರೆ ರೆಗ್ಯುಲರ್, ಅದಕ್ಕಿಂತ ಕಮ್ಮಿ ಇದ್ರೆ ಸೀನಿಯರ್ (ಎ ಅಂತ ಬರ್ದಿರತ್ತೆ, ಹೆಸರು ನೋಡಿ ಬೇಜಾರ್ ಮಾಡ್ಕೋಬೇಡಿ), 95 ದಾಟಿದ್ರೆ ಸ್ಟಿಫ್ ಯೋಚ್ನೆ ಮಾಡ್ಬಹುದು. ಇದು ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ, ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಥರ ಇರತ್ತೆ ಯಾಕಂದ್ರೆ ಇದಕ್ಕೆ ಎಲ್ರೂ ಒಪ್ಕೊಂಡಿರೋ ಅಳತೆ ಇಲ್ಲ. ಅಳೆಯೋ ಮೆಷಿನ್ ಇಲ್ಲ ಅಂದ್ರೆ 7 ಐರನ್ನಲ್ಲಿ ಬಾಲ್ ಗಾಳೀಲಿ 150 ಗಜ ಹೋಗ್ತಿಲ್ಲ ಅಂದ್ರೆ ಸ್ಟಿಫ್ ಕಡೆ ನೋಡ್ಲೇಬೇಡಿ. ತೂಕಾನೂ ಹಂಗೇ, ಐರನ್ನಿನ ಸ್ಟೀಲ್ ಶಾಫ್ಟು ಸುಮಾರು 95ರಿಂದ 130 ಗ್ರಾಂ, ಗ್ರ್ಯಾಫೈಟು ಅದಕ್ಕಿಂತ ಎಷ್ಟೋ ಹಗುರ, ನೆಲಕ್ಕೆ ಬಡಿದಾಗ ಕೈಗೆ ಬರೋ ಅದುರು ಕಮ್ಮಿ. ನಮ್ಮ ಕೆಂಪು ಮಣ್ಣು ಬೇಸಿಗೇಲಿ ಸಿಮೆಂಟ್ ಥರ ಗಟ್ಟಿಯಾಗಿರತ್ತೆ, ಮಳೆ ಕಮ್ಮಿ ಬಿದ್ದ ವರ್ಷ ಫೇರ್‌ವೇನೂ ಅಷ್ಟೇ, ರೇಂಜಿನ ಮ್ಯಾಟ್ ಕೆಳಗಂತೂ ಕಾಂಕ್ರೀಟೇ ಇರತ್ತೆ, ನಲವತ್ತು ದಾಟಿದವರು ಮೊಣಕೈ ಉಳಿಸ್ಕೋಬೇಕಂದ್ರೆ ಗ್ರ್ಯಾಫೈಟ್ ತಗೊಳ್ಳಿ ಅಂತ ಕೈಮುಗಿದು ಹೇಳ್ತೀನಿ.

ಉದ್ದ ಮತ್ತೆ ಲೈ ಆಂಗಲ್ (ಕ್ಲಬ್ ನೆಲಕ್ಕೆ ಊರಿದಾಗ ಶಾಫ್ಟಿಗೂ ನೆಲಕ್ಕೂ ಇರೋ ಕೋನ), ಇದು ಅತಿ ಮುಖ್ಯ, ಯಾರೂ ಕೇಳಲ್ಲ. ಅಂಗಡೀಲಿ ನೇತಾಕಿರೋ ಸ್ಟ್ಯಾಂಡರ್ಡ್ ಸೆಟ್ಟು ಐದಡಿ ಒಂಬತ್ತಿಂಚು ಆಸುಪಾಸು ಇರೋ ಗಂಡಸಿನ ಲೆಕ್ಕಕ್ಕೆ ಮಾಡಿರೋದು. ಎತ್ತರ ಒಂದೇ ನೋಡಿದ್ರೆ ಸಾಲ್ದು, ಶೂ ಹಾಕ್ಕೊಂಡು ನೆಟ್ಟಗೆ ನಿಂತು ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟಿದೆ ಅಂತ ಅಳೀಬೇಕು, ಕುಳ್ಳಗಿದ್ರೂ ಕೈ ಗಿಡ್ಡ ಇರೋರಿಗೆ ಮಾಮೂಲಿ ಉದ್ದಾನೇ ಸರಿಹೋಗ್ಬಹುದು. ಲೈ ನೋಡೋಕೆ ಮೆಷಿನ್ ಬೇಡ, ಒಂದು ಮಾರ್ಕರ್ ಪೆನ್ ಸಾಕು. ಬಾಲ್ ಮೇಲೆ ಒಂದು ದಪ್ಪ ಗೆರೆ ಎಳೀರಿ, ಆ ಗೆರೆ ಕ್ಲಬ್ಬಿನ ಮುಖಕ್ಕೆ ಎದುರಾಗಿ, ಲಂಬವಾಗಿ ನಿಲ್ಲೋ ಹಂಗೆ ಬಾಲ್ ಇಟ್ಟು 7 ಐರನ್ನಲ್ಲಿ ಹೊಡೀರಿ, ಮುಖದ ಮೇಲೆ ಇಂಕು ಅಂಟಿರತ್ತೆ. ಕ್ಲಬ್ಬಿನ ಮುಖದ ಅಡ್ಡ ಗೆರೆಗಳಿಗೆ ಅದು ಸರಿಯಾಗಿ ಲಂಬವಾಗಿದ್ರೆ ಲೈ ಸರಿ ಇದೆ, ಓರೆಯಾಗಿದ್ರೆ ಕ್ಲಬ್ ನಿಮಗೆ ಹೊಂದಿಲ್ಲ. ಭಾಮೈದನ ಕ್ಲಬ್ಬಲ್ಲಿ ನಾವು ಹಿಂಗೇ ನೋಡಿದ್ದು, ಗೆರೆ ಎಷ್ಟು ಓರೆ ಬಿದ್ದಿತ್ತು ಅಂದ್ರೆ ಪಕ್ಕದ ಮ್ಯಾಟಲ್ಲಿದ್ದೋರೂ ಬಂದು ನೋಡಿದ್ರು. ಐರನ್ನಿನ ಕತ್ತು ಒಂದೆರಡು ಡಿಗ್ರಿ ಬಗ್ಗಿಸಿ ಕೊಡೋ ವರ್ಕ್‌ಶಾಪ್ ಬೆಂಗಳೂರಲ್ಲಿವೆ, ಫೋರ್ಜ್ ಮಾಡಿದ (ಕಾಯಿಸಿ ಬಡಿದ) ಐರನ್ ಸುಲಭವಾಗಿ ಬಗ್ಗತ್ತೆ, ಎರಕ ಹೊಯ್ದಿದ್ದು ಅಷ್ಟಾಗಿ ಬಗ್ಗಲ್ಲ, ಮುರಿಯೋ ಭಯಾನೂ ಇರತ್ತೆ, ತಗೊಳ್ಳೋ ಮುಂಚೆ ಇದನ್ನೂ ಕೇಳಿ. ನಮ್ಮ ಕಡೆ ಕುಡುಗೋಲು ತಗೊಳ್ಳೋರು ಸಂತೇಲಿ ಹಿಡಿ ಹಿಡ್ದು ಬೀಸಿ ನೋಡ್ದೆ ದುಡ್ಡು ಕೊಡಲ್ಲ, ಸಾವಿರಾರು ರೂಪಾಯಿ ಕ್ಲಬ್ಬಿಗೆ ಅಷ್ಟಾದ್ರೂ ಬೇಡ್ವಾ.

ಐರನ್ನಲ್ಲಿ ಬ್ಲೇಡ್ (ಹಿಂದೆ ಗುಳಿ ಇಲ್ಲದ್ದು) ಬೇಡ, ಕ್ಯಾವಿಟಿ ಬ್ಯಾಕ್ ತಗೊಳ್ಳಿ. ಹಿಂದೆ ಗುಳಿ ತೆಗ್ದು ತೂಕಾನ ಅಂಚಿಗೆ ಹಂಚಿರ್ತಾರೆ, ನಡುವಿಗೆ ತಗುಲದೇ ಇದ್ರೂ ಹೆಡ್ ಅಷ್ಟು ತಿರುಚಿಕೊಳ್ಳಲ್ಲ. ಪಿಂಗ್ ಕಂಪನಿ ಶುರು ಮಾಡಿದ ಕಾರ್ಸ್ಟನ್ ಸೋಲ್‌ಹೈಮ್ ಅನ್ನೋ ಇಂಜಿನಿಯರು ಮೊದಲು ಪಟರಲ್ಲಿ ಆಮೇಲೆ ಐರನ್ನಲ್ಲಿ ಈ ಐಡಿಯಾನ ಜನಕ್ಕೆ ಮುಟ್ಟಿಸಿದ್ದು, ನಮ್ಮಂಥ ವಾರಕ್ಕೊಂದಿನ ಆಡೋರು ಅವರಿಗೆ ಋಣಿ.

ಇನ್ನೊಂದು ವಿಷಯ ಹುಷಾರಾಗಿರಿ, ಈಗಿನ ಐರನ್ನುಗಳ ನಂಬರು. ಹಳೇ ಕಾಲದಲ್ಲಿ 7 ಐರನ್ ಅಂದ್ರೆ 34, 35 ಡಿಗ್ರಿ ಲಾಫ್ಟು, ಈಗ ಹೊಸಬರಿಗೆ ಅಂತ ಬರೋ ಸೆಟ್ಟಲ್ಲಿ 28, 29ಕ್ಕೆ ಇಳಿಸಿರ್ತಾರೆ, ಅದು ಹಳೇ 5 ಐರನ್ನಿನ ಹತ್ರ. ಅಂಗಡೀಲಿ ನೋಡಿ ಸಾರ್ ಇದರ 7 ಐರನ್ 15 ಗಜ ಜಾಸ್ತಿ ಹೋಗತ್ತೆ ಅಂತಾರೆ, ಹೋಗ್ದೆ ಏನು ಮಾಡತ್ತೆ. ಅದರಿಂದ ತೊಂದ್ರೆ ಎಲ್ಲಿ ಬರತ್ತೆ ಅಂದ್ರೆ ಅದೇ ಸೆಟ್ಟಿನ ಪಿಚಿಂಗ್ ವೆಡ್ಜು 43, 44 ಡಿಗ್ರಿ ಆಗಿರತ್ತೆ, ನಿಮ್ಮ ಹತ್ರ ಇರೋ ಸ್ಯಾಂಡ್ ವೆಡ್ಜು 56, ಮಧ್ಯೆ 12, 13 ಡಿಗ್ರಿ ಖಾಲಿ. ಗ್ರೀನಿಂದ (ಹೋಲಿನ ಸುತ್ತ ಇರೋ ನುಣ್ಣನೆ ಹುಲ್ಲು) 80, 90 ಗಜದಲ್ಲಿ ನಿಂತಾಗ ಯಾವ ಕ್ಲಬ್ಬೂ ಸರಿಹೋಗಲ್ಲ, ಒಂದರಲ್ಲಿ ಹೊಡೆದ್ರೆ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ. ಅದಕ್ಕೆ ಐರನ್ ತಗೊಳ್ಳೋವಾಗ ನಂಬರ್ ಬಿಟ್ಟು ಡಿಗ್ರಿ ಕೇಳಿ ಬರ್ಕೊಳ್ಳಿ, ಎಂಟನೇ ಕ್ಲಬ್ ಅಂತ ತಗೊಳ್ಳೋದಾದ್ರೆ 50 ಡಿಗ್ರಿ ವೆಡ್ಜ್ ಇರ್ಲಿ.

ಪಟರ್ ಬಗ್ಗೆ ಯಾರೂ ಮಾತಾಡಲ್ಲ, ಸೆಟ್ಟಿನ ಜತೆ ಬಂದಿದ್ದನ್ನೇ ಇಟ್ಕೋತಾರೆ. ಪಾರ್ 72 ಕೋರ್ಸಲ್ಲಿ (18 ಹೋಲನ್ನ 72 ಹೊಡೆತದಲ್ಲಿ ಮುಗಿಸ್ಬೇಕು ಅನ್ನೋ ಮೈದಾನ) ಒಂದೊಂದು ಹೋಲಿಗೆ ಎರಡೆರಡು ಪಟ್ (ಪಟರಿನ ಹೊಡೆತ) ಅಂತ ಲೆಕ್ಕ ಹಾಕಿರ್ತಾರೆ, ಅಂದ್ರೆ 36, ಅರ್ಧ ಆಟ. ಆ ಅರ್ಧ ಆಟದ ಕ್ಲಬ್ಬನ್ನ ಕೊನೇಗೆ ನೋಡೋದಾ? ಅಂಗಡೀಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ಪಟರ್ ಹತ್ರ ಕಳೀರಿ. 33, 34, 35 ಇಂಚು ಬರತ್ತೆ, ಆರಾಮಾಗಿ ಬಗ್ಗಿ ನಿಂತಾಗ ಕಣ್ಣು ಬಾಲಿನ ನೇರ ಮೇಲೆ ಬರೋ ಉದ್ದ ನೋಡಿ, ನಮ್ಮೂರಿನ ಬಹಳ ಜನಕ್ಕೆ 33 ಸರಿಹೋಗತ್ತೆ ಆದ್ರೆ ಅಂಗಡೀಲಿ ಜಾಸ್ತಿ ಸಿಗೋದು 34, 35. ಪಟರ್ ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಒಂಚೂರೂ ನಷ್ಟ ಇಲ್ಲ, ಸವೆಯೋ ವಸ್ತುವೇ ಅಲ್ಲ ಅದು.

ಸೆಕೆಂಡ್ ಹ್ಯಾಂಡ್ ಅಂದ ಕೂಡ್ಲೆ ಮೂಗು ಮುರೀಬೇಡಿ. ಐರನ್ ಹೆಡ್ಡು ವರ್ಷಗಟ್ಟಲೆ ಬಾಳತ್ತೆ, ಗ್ರಿಪ್ (ಕೈ ಹಿಡಿಯೋ ರಬ್ಬರ್) ಮಾತ್ರ ಬದಲಾಯಿಸ್ಬೇಕು. ನೋಡೋವಾಗ ವೆಡ್ಜಿನ ಗೆರೆ ಸವೆದಿದೆಯಾ ಅಂತ ಉಗುರಲ್ಲಿ ಗೀಚಿ ನೋಡಿ, ಗ್ರ್ಯಾಫೈಟ್ ಶಾಫ್ಟಲ್ಲಿ ಸಣ್ಣ ಬಿರುಕಿದ್ರೂ ಬಿಟ್ಬಿಡಿ ಅದು ಒಂದಿನ ಮುರಿದು ಯಾರಿಗಾದ್ರೂ ಬಡಿಯತ್ತೆ, ಹೆಡ್ಡು ಶಾಫ್ಟು ಸೇರೋ ಕಡೆ ಹಿಡ್ದು ತಿರುಗಿಸಿ ನೋಡಿ ಅಲ್ಲಾಡಬಾರದು. ಡೂಪ್ಲಿಕೇಟ್ ಹಾವಳೀನೂ ಇದೆ, ಅರ್ಧ ಬೆಲೆಗೆ ಹೊಚ್ಚಹೊಸದು ಅಂದ್ರೆ ಅನುಮಾನ ಪಡಿ. ಟೈಟೇನಿಯಂ ಡ್ರೈವರ್ ಅಂತ ಕೊಟ್ರೆ ಮುಖಕ್ಕೆ ಒಂದು ಅಯಸ್ಕಾಂತ ಹಿಡಿರಿ, ಟೈಟೇನಿಯಂಗೆ ಅದು ಅಂಟಲ್ಲ. ಅಂಟಿದ್ರೆ ದುಡ್ಡು ಜೇಬಲ್ಲಿಟ್ಕೊಂಡು ವಾಪಸ್ ಬನ್ನಿ.

ಬಾಲಿನ ವಿಷಯ. ನಿಯಮದ ಪ್ರಕಾರ ಬಾಲು 42.67 ಮಿಲಿಮೀಟರಿಗಿಂತ ಸಣ್ಣದಿರಬಾರದು, 45.93 ಗ್ರಾಂಗಿಂತ ಭಾರ ಇರಬಾರದು, ಅಗ್ಗದ ಬಾಲೂ ದುಬಾರಿ ಬಾಲೂ ಈ ಮಿತಿ ಒಳಗೇ ಬರ್ಬೇಕು. ವ್ಯತ್ಯಾಸ ಒಳಗಡೆ ಮತ್ತೆ ಮೇಲಿನ ಸಿಪ್ಪೇಲಿ. ಟೂ ಪೀಸ್ ಬಾಲಲ್ಲಿ ರಬ್ಬರ್ ಗುಂಡು, ಮೇಲೆ ಸರ್ಲಿನ್ ಥರದ ಗಟ್ಟಿ ಪ್ಲಾಸ್ಟಿಕ್ಕು, ನೆಟ್ಟಗೆ ಹೋಗತ್ತೆ, ಬೇಗ ಹರಿಯಲ್ಲ. ಮೂರು ನಾಲ್ಕು ಪದರದ ದುಬಾರಿ ಬಾಲಿಗೆ ಮೆತ್ತನೆ ಯುರೆಥೇನ್ ಸಿಪ್ಪೆ, ವೆಡ್ಜಲ್ಲಿ ಸರಿಯಾಗಿ ಹೊಡೆದ್ರೆ ಗ್ರೀನ್ ಮೇಲೆ ಬಿದ್ದು ನಿಲ್ಲತ್ತೆ. ಸರಿಯಾಗಿ ಹೊಡೆದ್ರೆ ಅಂದೆ. ಕಲಿಯೋನು ಒಂದು ರೌಂಡಲ್ಲಿ ನಾಲ್ಕೈದು ಬಾಲು ಪೊದೆಗೂ ಕೆರೆಗೂ ಕೊಡ್ತಾನೆ, ಒಂದೊಂದಕ್ಕೆ ನಾನೂರು ರೂಪಾಯಿ ಹತ್ತಿರ ಆಗೋ ಬಾಲ್ ಕಳ್ಕೊಂಡ್ರೆ ಮನಸ್ಸೆಲ್ಲ ಅದರ ಮೇಲೇ ಇರತ್ತೆ, ಆಟ ಎಲ್ಲಿ ಬರತ್ತೆ. ಟೂ ಪೀಸ್ ತಗೊಳ್ಳಿ, ಆದ್ರೆ ಒಂದೇ ಮಾಡೆಲ್ ಇಟ್ಕೊಳ್ಳಿ, ಇವತ್ತೊಂದು ನಾಳೆ ಒಂದು ಆಡಿದ್ರೆ ಪಟ್ಟಿಂಗಲ್ಲಿ ಕೈಗೆ ಅಂದಾಜೇ ಸಿಗಲ್ಲ.

ಕೆರೆಯಿಂದ ತೆಗ್ದ ಬಾಲ್ ಮಾರ್ತಾರೆ, ಪ್ರಾಕ್ಟೀಸಿಗೆ ಪರವಾಗಿಲ್ಲ, ನೀರಲ್ಲಿ ತುಂಬಾ ದಿನ ಬಿದ್ದಿದ್ರೆ ದೂರ ಕಮ್ಮಿ ಆಗತ್ತೆ. ಮತ್ತೆ ಪೇಂಟ್ ಹೊಡೆದು ಹೊಸದರಂಗೆ ಮಾಡಿರೋದು ಮಾತ್ರ ಬೇಡ, ಬಾಲಿನ ಗುಳಿಗಳಲ್ಲಿ ಪೇಂಟ್ ತುಂಬ್ಕೊಂಡಿರತ್ತೆ, ಆ ಗುಳಿಗಳಿಂದಲೇ ಬಾಲ್ ಹಾರೋದು, ಗುಳಿ ಇಲ್ಲದ ನುಣ್ಣನೆ ಬಾಲು ಹೆಚ್ಚುಕಮ್ಮಿ ಅರ್ಧ ದೂರಾನೇ ಹೋಗೋದು. ಬಣ್ಣ ನಿಮ್ಮಿಷ್ಟ, ಡಿಸೆಂಬರಲ್ಲಿ ನಂದಿ ತಪ್ಪಲಲ್ಲಿ ಬೆಳಿಗ್ಗೆ ಮಂಜಿರೋವಾಗ್ಲೂ ಏಪ್ರಿಲಲ್ಲಿ ಹುಲ್ಲು ಒಣಗಿರೋವಾಗ್ಲೂ ನಾನಂತೂ ಹಳದಿ ಆಡ್ತೀನಿ, ಬೇಗ ಸಿಗತ್ತೆ. ಬಾಲ್ ಮೇಲೆ ನಿಮ್ಮ ಗುರುತು ಹಾಕೋದು ಮರೀಬೇಡಿ, ಇನ್ನೊಬ್ಬರ ಬಾಲ್ ಹೊಡೆದ್ರೆ ಪೆನಾಲ್ಟಿ.

ಗ್ಲೌಸು ಒಂದೇ ಕೈಗೆ, ಬಲಗೈ ಆಟಗಾರರಿಗೆ ಎಡಗೈಗೆ, ಬಿಗಿಯಾಗಿರ್ಬೇಕು, ಅಂಗೈಯಲ್ಲಿ ಮಡಿಕೆ ಬಂದ್ರೆ ಒಂದು ಸೈಜ್ ಕಮ್ಮಿ ತಗೊಳ್ಳಿ. ಮೆತ್ತನೆ ಲೆದರು ಬೆವರಿಗೆ ಬೇಗ ಗಟ್ಟಿಯಾಗತ್ತೆ, ಎರಡು ಇಟ್ಕೊಂಡು ಬದಲಾಯಿಸ್ತಾ ಇರಿ, ನೆರಳಲ್ಲಿ ಒಣಗಿಸಿ. ಗ್ರಿಪ್ ಬಗ್ಗೆ ಇನ್ನೂ ಜೋರಾಗಿ ಹೇಳ್ಬೇಕು, ಬಿಸಿಲಲ್ಲಿ ನಿಲ್ಸಿರೋ ಕಾರಿನ ಡಿಕ್ಕಿಯಲ್ಲಿ ಕ್ಲಬ್ ಬಿಟ್ರೆ ರಬ್ಬರ್ ಹೊಳಪು ಬಂದು ಜಾರೋಕೆ ಶುರುವಾಗತ್ತೆ, ಜಾರತ್ತೆ ಅಂತ ಬಿಗಿಯಾಗಿ ಹಿಡೀತೀರ, ಬಿಗಿಯಾಗಿ ಹಿಡಿದ್ರೆ ಸ್ವಿಂಗ್ ಕಟ್ಟಾಗತ್ತೆ. ಉಗುರುಬೆಚ್ಚನೆ ನೀರು ಸೋಪು ಹಳೇ ಬ್ರಷ್ಷು, ಉಜ್ಜಿ ಒರೆಸಿ ಒಣಗಿಸಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಗ್ರಿಪ್ ಬದಲಾಯಿಸಿ, ಹೊಸ ಕ್ಲಬ್ಬಿಗಿಂತ ಎಷ್ಟೋ ಅಗ್ಗ.

ಶೂ ಮೊದಮೊದಲು ಮಾಮೂಲಿ ಸ್ಪೋರ್ಟ್ಸ್ ಶೂ ಸಾಕು, ಆಮೇಲೆ ಸಾಫ್ಟ್ ಸ್ಪೈಕಿಂದು (ಅಡಿಯಲ್ಲಿ ಪ್ಲಾಸ್ಟಿಕ್ ಮೊಳೆ ಇರೋದು), ಕಬ್ಬಿಣದ ಮೊಳೆ ಇರೋ ಹಳೇ ಶೂ ಬಹಳ ಕೋರ್ಸಲ್ಲಿ ಒಳಗೆ ಬಿಡಲ್ಲ. ಬ್ಯಾಗು ಹಗುರ ಇರ್ಲಿ, ಎರಡೂವರೆ ಕೆಜಿ ಒಳಗಿನ ಸ್ಟ್ಯಾಂಡ್ ಬ್ಯಾಗು, ನೀವು ಹೊತ್ರೂ ಕ್ಯಾಡಿ (ಬ್ಯಾಗ್ ಹೊರೋ) ಅಣ್ಣ ಹೊತ್ರೂ ಹೆಗಲು ಹೆಗಲೇ. ಬಾಲ್ ಎತ್ತರಕ್ಕೆ ಇಡೋ ಮರದ ಟೀ, ಒಂದು ಟವೆಲ್ಲು, ಗ್ರೀನಲ್ಲಿ ಬಿದ್ದ ಗುಳಿ ಸರಿಮಾಡೋ ಫೋರ್ಕು, ಗ್ರೀನಲ್ಲಿ ಬಾಲ್ ಇದ್ದ ಜಾಗಕ್ಕೆ ಗುರುತಿಡೋಕೆ ಒಂದು ರೂಪಾಯಿ ನಾಣ್ಯ. ರೇಂಜ್‌ಫೈಂಡರ್ ಬೇಡ, ಬಹಳ ಕೋರ್ಸಲ್ಲಿ 150 ಗಜದ ಗುರುತು ಇಟ್ಟಿರ್ತಾರೆ, ಅದನ್ನ ಹೆಜ್ಜೆ ಹಾಕಿ ಲೆಕ್ಕ ಮಾಡ್ಬಹುದು. ಮುಂದೆ ತಗೊಂಡ್ರೂ ಏರು ಇಳಿಜಾರು ಲೆಕ್ಕ ಹಾಕಿ ಹೇಳೋ ಸ್ಲೋಪ್ ಮೋಡ್ ಪಂದ್ಯದಲ್ಲಿ ಆಫ್ ಮಾಡ್ಬೇಕು.

ಇದೆಲ್ಲ ಬರೆಯೋವಾಗ ಒಂದು ಮಾತು ಹೇಳ್ಲೇಬೇಕು, ಕೆಲವು ಹುಡುಗರು ಒಣಗಿದ ಕೆರೆ ಅಂಗಳದಲ್ಲಿ ಬಾಲ್ ಹೊಡೆಯೋದು ನೋಡಿದೀನಿ. ಉತ್ಸಾಹ ಅರ್ಥ ಆಗತ್ತೆ, ಆದ್ರೆ ದಯವಿಟ್ಟು ಬೇಡ ತಮ್ಮಂದಿರಾ. ಸಾಧಾರಣ ಆಟಗಾರ ಡ್ರೈವರಲ್ಲಿ ಹೊಡೆದ ಬಾಲೇ ಗಂಟೆಗೆ 200 ಕಿಲೋಮೀಟರ್ ಆಸುಪಾಸಲ್ಲಿ ಹೊರಡತ್ತೆ, ಅಲ್ಲಿ ಕುರಿ ಮೇಯ್ಸೋ ಅಜ್ಜ ಇರ್ತಾರೆ, ಸೌದೆಗೆ ಬಂದ ಹೆಂಗಸರು ಇರ್ತಾರೆ. ಮನೆ ಹಿಂದೆ ದಪ್ಪ ನೆಟ್ ಕಟ್ಕೊಂಡು ಹೊಡೀರಿ, ಅಥ್ವಾ ಚಿಪ್ಪಿಂಗಿಗೆ (ಹತ್ತಿರದ ಸಣ್ಣ ಹೊಡೆತ) ಅಂತಲೇ ಬರೋ ಸ್ಪಾಂಜ್ ಬಾಲ್ ತಗೊಳ್ಳಿ.

ಈ ಆಟ ನಮ್ಮ ಸೀಮೆಗೆ ಹೊಸದೇನಲ್ಲ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಸ್ತಿದ್ದ ಬ್ರಿಟಿಷರು ಆ ಕಾಲಕ್ಕೇ ಗಾಲ್ಫ್ ಆಡ್ತಿದ್ರು, ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು. ಇವತ್ತು ನಂದಿ ತಪ್ಪಲಲ್ಲಿ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇದೆ, ಕೋಲಾರದ ಕಡೆ ಜಿಯಾನ್ ಹಿಲ್ಸ್ ಇದೆ. ಅಲ್ಲೆಲ್ಲ ಹುಲ್ಲು ಕತ್ತರಿಸೋರು, ಬ್ಯಾಗ್ ಹೊರೋರು ಸುತ್ತಮುತ್ತಲಿನ ಹಳ್ಳಿಯವರೇ, ಅವರ ಮಕ್ಕಳ ಕೈಗೆ ಮಾತ್ರ ಕ್ಲಬ್ ಬರೋದು ಅಪರೂಪ. ಬೆಂಗಳೂರಲ್ಲಿ ಕ್ಯಾಡಿಯಾಗಿ ದುಡೀತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದೋರು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನಕ್ಕೆ ನಿಂತ ಮೇಲೆ ನಮ್ಮ ಬೀದೀಲಿ ಹೆಣ್ಣುಮಕ್ಕಳಿರೋ ತಂದೆತಾಯಿ ಬಂದು ನಮ್ ಹುಡುಗಿಗೆ ಏನು ಕೊಡ್ಸೋದಣ್ಣ ಅಂತ ಕೇಳಿದಾರೆ. ಅವರಿಗೆ ನಾನು ಮೊದಲು ಹೇಳೋದು ಅಪ್ಪನ ಕ್ಲಬ್ ಗರಗಸದಲ್ಲಿ ಕುಯ್ದು ಕೊಡ್ಬೇಡಿ ಅಂತ. ಶಾಫ್ಟ್ ಕುಯ್ದ್ರೆ ಇನ್ನೂ ಬಿರುಸಾಗತ್ತೆ, ಹೆಡ್ಡಿನ ಭಾರ ಹಂಗೇ ಉಳಿಯತ್ತೆ, ಮಗು ಮೈಯೆಲ್ಲ ತಿರುಚಿ ಎತ್ತೋಕೆ ಕಲಿಯತ್ತೆ, ಆ ಅಭ್ಯಾಸ ಬಿಡ್ಸೋಕೆ ವರ್ಷಗಳು ಬೇಕು. ಮಕ್ಕಳ ಎತ್ತರಕ್ಕೆ ಅಂತಲೇ ಮಾಡಿರೋ ಹಗುರದ ಕ್ಲಬ್ ಬರತ್ತೆ, ಒಂದು ಐರನ್ ಒಂದು ಪಟರ್ ಸಾಕು, ಮಗು ಬೆಳೀತಿದ್ದಂಗೆ ಇನ್ನೊಬ್ಬರ ಮಗುವಿಗೆ ಕೊಟ್ಟು ದೊಡ್ಡದು ತಗೋಬಹುದು.

ನಿಮ್ಮ ಪತ್ರಿಕೆ ಮೂಲಕ ನನ್ನ ಕೇಳಿಕೆ ಎರಡು. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆಯ ಕೋರ್ಸಿನವರು ತಿಂಗಳಿಗೆ ಒಂದು ಬೆಳಿಗ್ಗೆ ರೇಂಜನ್ನ ಹತ್ತಿರದ ಹಳ್ಳಿ ಶಾಲೆ ಮಕ್ಕಳಿಗೆ ಬಿಡ್ಲಿ, ಸದಸ್ಯರು ಮೂಲೇಲಿ ಇಟ್ಟಿರೋ ಹಳೇ ಐರನ್ ಪಟರ್‌ಗಳನ್ನ ಅವತ್ತು ತಂದುಕೊಡ್ಲಿ. ಇನ್ನು ಬೆಂಗಳೂರಿನ ಅಂಗಡಿಯವರು ಬೇರೆ ಬೇರೆ ಉದ್ದದ, ಬೇರೆ ಬೇರೆ ಶಾಫ್ಟಿನ ನಾಲ್ಕು 7 ಐರನ್ ಆದ್ರೂ ಡೆಮೋಗೆ ಅಂತ ಇಡ್ಲಿ, ಬಿಲ್ ಹಾಕೋ ಮುಂಚೆ ಬಂದವರ ಕೈಲಿ ಹತ್ತು ಬಾಲ್ ಹೊಡಿಸ್ಲಿ.

ಇಂತಿ,
ಒಬ್ಬ ಓದುಗ,
ಚಿಕ್ಕಬಳ್ಳಾಪುರ